ಗೀರು ಮರೆಸಿದ ಮೇಣ, ಗೀರು ಕರಗಿಸಿದ ಅರಗು



ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಕೋಣೆಗಳಲ್ಲಿ ಮೊದಲು ಅಮೃತಶಿಲೆಯ ನೆಲವಿತ್ತು. ತೊಳೆದ ನೀರು ಕೆಳಗಿಳಿದು ತೊಲೆಗಳು ಕೊಳೆಯತೊಡಗಿದವು. 1684ರಲ್ಲಿ ಕಲ್ಲನ್ನು ತೆಗೆದು ಮರ ಹಾಸಿದರು. ಓಕ್ ಹಲಗೆಗಳನ್ನು ಓರೆಯಾಗಿ ಹೆಣೆದ ಆ ವಿನ್ಯಾಸಕ್ಕೆ ಇಂದಿಗೂ ವರ್ಸೇಲ್ಸ್ ಹೆಸರೇ ಇದೆ. ಮರದ ನೆಲ ಬಂದಮೇಲೆ ಗೀರಿನ ಚಿಂತೆಯೂ ಬಂತು. ಅದಕ್ಕೆ ಆಗ ಇದ್ದ ಮದ್ದು ಜೇನುಮೇಣ. ಪಾದಕ್ಕೆ ಬ್ರಷ್ ಕಟ್ಟಿಕೊಂಡು, ಜಾರುತ್ತ ಜಾರುತ್ತ ನೆಲ ಉಜ್ಜುವುದನ್ನೇ ಕಸುಬಾಗಿಸಿಕೊಂಡ ಆಳುಗಳು ಅಲ್ಲಿನ ಸಿರಿವಂತರ ಮನೆಗಳಲ್ಲಿದ್ದರು.

ಮೇಣ ಗೀರನ್ನು ಹೇಗೆ ಮರೆಸುತ್ತದೆ? ಗೀರಿನ ಒರಟು ಅಂಚಿಗೆ ಬಿದ್ದ ಬೆಳಕು ಚದುರುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ಸಂದಿನಲ್ಲಿ ಮೇಣವೋ ಎಣ್ಣೆಯೋ ತುಂಬಿದರೆ ಬೆಳಕು ಚದುರುವುದು ಕಡಿಮೆಯಾಗಿ ಮರದ ಬಣ್ಣ ಮರಳುತ್ತದೆ. ಸಣ್ಣ ಗೀರಿಗೆ ಅಕ್ರೋಟು ತಿರುಳು ಉಜ್ಜುವ ಮನೆಮದ್ದಿನ ಹಿಂದಿರುವುದೂ ಇದೇ. ಮೇಣಕ್ಕೆ ಬಗ್ಗದಷ್ಟು ಹಾಳಾದರೆ ನೆಲವನ್ನೇ ಹೆರೆಯಬೇಕಿತ್ತು. ಆ ದುಡಿಮೆ ಎಷ್ಟು ಕಷ್ಟದ್ದೆಂದು ಗುಸ್ತಾವ್ ಕೈಬೊಟ್ 1875ರಲ್ಲಿ ಬರೆದ ಚಿತ್ರ ನೋಡಿದರೆ ತಿಳಿಯುತ್ತದೆ. ಬರಿಮೈಯ ಮೂವರು ಮಂಡಿಯೂರಿ ನೆಲ ಹೆರೆಯುತ್ತಿದ್ದಾರೆ. ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನ ಆ ಚಿತ್ರವನ್ನು ತಿರಸ್ಕರಿಸಿತು. ಕೂಲಿಯವರ ಬೆವರಿಗೆ ಅಷ್ಟು ಗೌರವ ಕೊಟ್ಟ ಚಿತ್ರಗಳು ಕಡಿಮೆ ಎಂದೇ ನನ್ನ ಭಾವನೆ.

ಇನ್ನು ಅರಗು. ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು, ಏಕೆಂದರೆ ಅರಗು ನಮ್ಮ ದೇಶದ್ದು. ಮುತ್ತುಗ, ಎಲಚಿಯಂಥ ಮರಗಳ ಕೊಂಬೆಗೆ ಅಂಟಿದ ಪುಟ್ಟ ಕೀಟಗಳು ಸ್ರವಿಸುವ ರಾಳ ಅದು. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜುವಿಕೆಯ ಬಿಸಿಯಲ್ಲೇ ಅದನ್ನು ಕರಗಿಸಿ ಗೊಂಬೆಗೆ ಬಣ್ಣ ಹಿಡಿಸುತ್ತಾರೆ. ಅದೇ ಅರಗು ತೆಳು ಹಾಳೆಯಾಗಿ ಹಡಗೇರಿ ಯುರೋಪ್, ಅಮೆರಿಕ ಸೇರಿತು. ಅಲ್ಲಿ ಸ್ಪಿರಿಟ್ಟಿನಲ್ಲಿ ಕರಗಿ ಪೀಠೋಪಕರಣಕ್ಕೂ ನೆಲಕ್ಕೂ ಪಾಲಿಶ್ ಆಯಿತು. ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿದ್ದದ್ದೂ ಇದೇ ಅರಗು. ಆಕಾಶವಾಣಿಯ ಹಳೆಯ ಕೇಳುಗರಿಗೆ ಅದರ ನಾದ ನೆನಪಿರಬಹುದು.

ಅರಗಿಗೆ ಒಂದು ದೊಡ್ಡ ಗುಣವಿದೆ. ಹೊಸ ಲೇಪದಲ್ಲಿರುವ ಸ್ಪಿರಿಟ್ ಹಳೆಯ ಲೇಪವನ್ನು ಕೊಂಚ ಕರಗಿಸುತ್ತದೆ, ಎರಡೂ ಬೆರೆತು ಒಂದಾಗುತ್ತವೆ. ಗೀರು ಪಾಲಿಶ್‌ನಲ್ಲಷ್ಟೇ ಇದ್ದರೆ ಹತ್ತಿಯುಂಡೆಯಿಂದ ನಾಲ್ಕು ಸಲ ಸವರಿದರೆ ಸಾಕು. ಆಳವಾಗಿದ್ದರೆ ಬಿಸಿ ಅಲಗಿನಿಂದ ಅರಗಿನ ಕಡ್ಡಿ ಕರಗಿಸಿ ತುಂಬುತ್ತಾರೆ. ದೋಷವೂ ಇದೆ: ನೀರು ನಿಂತರೆ ಬಿಳಿ ಕಲೆ ಬೀಳುತ್ತದೆ.

ಮತ್ತೆ ಮೇಣಕ್ಕೆ ಬರೋಣ. 1886ರಲ್ಲಿ ಅಮೆರಿಕದ ರೇಸಿನ್ ಊರಿನ ಸ್ಯಾಮ್ಯುಯಲ್ ಕರ್ಟಿಸ್ ಜಾನ್ಸನ್ ಮರದ ನೆಲಹಾಸಿನ ವ್ಯಾಪಾರವೊಂದನ್ನು ಕೊಂಡ. ನೆಲ ಕೊಂಡವರೆಲ್ಲ ಅದನ್ನು ಕಾಪಾಡುವುದು ಹೇಗೆಂದು ಕೇಳತೊಡಗಿದರು. ಅವನು ಮೇಣ ತಯಾರಿಸಿ ಕೊಟ್ಟ. ಕೊನೆಗೆ ಮೇಣವೇ ಅವನ ಮುಖ್ಯ ವ್ಯಾಪಾರವಾಯಿತು.

1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು ಪಾಲಿಯುರೆಥೇನ್ ಎಂಬ ಕೃತಕ ಪದಾರ್ಥವನ್ನು ರೂಪಿಸಿದರು. ಎರಡನೆಯ ಮಹಾಯುದ್ಧದ ನಂತರ ಅದು ನೆಲದ ಲೇಪವಾಗಿ ಹರಡಿತು. ಗಟ್ಟಿ, ನೀರಿಗೆ ಜಗ್ಗದು. ಆದರೆ ಒಮ್ಮೆ ಒಣಗಿದ ಮೇಲೆ ಹೊಸ ಲೇಪದೊಂದಿಗೆ ಬೆರೆಯದು. ಮೇಲಿನ ಗೀರನ್ನು ಮೇಣದ ಕಡ್ಡಿಯಿಂದ ಮರೆಸಬಹುದು; ಸರಿಯಾಗಿ ರಿಪೇರಿ ಮಾಡಬೇಕಾದರೆ ಪಾಲಿಶ್ ಪೇಪರಿನಿಂದ ಉಜ್ಜಿ ಇಡೀ ನೆಲಕ್ಕೇ ಮತ್ತೆ ಬಳಿಯಬೇಕಾದೀತು. ಗಟ್ಟಿತನ ಗಳಿಸುವ ಭರದಲ್ಲಿ ಸುಲಭವಾಗಿ ದುರಸ್ತಿಯಾಗುವ ಗುಣವನ್ನು ಕಳೆದುಕೊಂಡೆವು ಎಂಬುದು ನನ್ನ ಕೊರಗು.

ನಿಮ್ಮ ಮನೆಯಲ್ಲಿ ಹಳೆಯ ಮರದ ನೆಲವಿದ್ದರೆ ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್ ಇರಬಹುದು. ಹಾಗಿದ್ದರೆ ಯಂತ್ರ ತಂದು ಉಜ್ಜಿಸುವ ಮೊದಲು ಸ್ಪಿರಿಟ್ ಪಾಲಿಶ್ ಬಲ್ಲ ಬಡಗಿಯೊಬ್ಬರನ್ನು ಕರೆದು ತೋರಿಸಿ.