ಬೆಂಕಿ ಆರಿಸಲು ಬಂದವರಿಗೆ ಒಂದು ತಂಬಿಗೆ ನೀರು
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘ ಹುಟ್ಟಿದ್ದು, ಬೆಳೆದದ್ದು, ಸಾಲ ಕೊಟ್ಟದ್ದು, ವಸೂಲಿಗೆ ಅಲೆದದ್ದು ಎಲ್ಲವನ್ನೂ ನಮಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಊಟದ ಹೊತ್ತು ಮೀರಿಸುವುದು ಸರಿಯಲ್ಲ. ನಾವು ಇವತ್ತು ಎತ್ತಿಕೊಂಡ ವಿಷಯ ಬೇರೆ. ನಮ್ಮ ಹೊಲ ಮನೆಗೆ ಬೆಂಕಿ ಬಿದ್ದಾಗ ಆರಿಸಲು ಓಡಿ ಬರುವ ಅಗ್ನಿಶಾಮಕ ದಳದವರಿಗೆ ಕುಡಿಯಲು ನೀರು, ಬಾಯಿಗೆ ಒಂದು ತುತ್ತು ಕೊಡುವವರು ಯಾರು? ಈ ಕೆಲಸವನ್ನು ನಮ್ಮ ಸಂಘ ಮೈಮೇಲೆ ಹಾಕಿಕೊಳ್ಳಬೇಕು ಎಂಬುದು ನಮ್ಮ ವಿನಂತಿ. ಇಷ್ಟೇನಾ ಅಂತ ನಗಬ್ಯಾಡ್ರಿ, ಸ್ವಲ್ಪ ಕೇಳ್ರಿ.

ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಬೆಂಕಿಯ ಕಾಲ ಶುರುವಾಗುತ್ತದೆ. ಮೇವು ಹೇರಿದ ಟ್ರ್ಯಾಕ್ಟರು ಜೋತುಬಿದ್ದ ಕರೆಂಟಿನ ತಂತಿಗೆ ತಾಗುತ್ತದೆ. ಯಾರೋ ಬದುವಿಗೆ ಹಚ್ಚಿದ ಬೆಂಕಿ ಗಾಳಿಗೆ ಹಾರಿ ಬಣವಿಗೆ ಬೀಳುತ್ತದೆ. ೧೦೧ಕ್ಕೋ ೧೧೨ಕ್ಕೋ ಫೋನು ಹೋಗುತ್ತದೆ, ಮೂರು ಊರಲ್ಲಿ ಯಾವ ಠಾಣೆ ಹತ್ತಿರವೋ ಅಲ್ಲಿಂದ ಗಾಡಿ ಹೊರಡುತ್ತದೆ. ಗಾಡಿಯಲ್ಲಿ ಬರುವವರು ಐದಾರು ಜನ, ನಿಂತು ನೋಡುವವರು ಐದುನೂರು ಜನ!

ದೊಡ್ಡ ಗಾಡಿಯ ಟ್ಯಾಂಕಿಗೆ ಸುಮಾರು ೪,೫೦೦ ಲೀಟರು ನೀರು ಹಿಡಿಯುತ್ತದೆ. ಒಂದು ಪೈಪಿನಿಂದ ನಿಮಿಷಕ್ಕೆ ೪೫೦ ಲೀಟರಿನಂತೆ ಬಿಟ್ಟರೂ ಹತ್ತೇ ನಿಮಿಷಕ್ಕೆ ಟ್ಯಾಂಕಿ ಬರಿದು. ಆಮೇಲೆ ಗಾಡಿ ಕೆರೆಗೋ ಬೋರಿಗೋ ಓಡಬೇಕು, ತುಂಬಿಸಿಕೊಂಡು ಮತ್ತೆ ಬರಬೇಕು. ಬಣವಿಯ ಬೆಂಕಿ ಮೇಲೆ ಆರಿದಂತೆ ಕಂಡರೂ ಹೊಟ್ಟೆಯೊಳಗೆ ಉರಿಯುತ್ತಲೇ ಇರುತ್ತದೆ. ಕೊಕ್ಕೆ ಹಾಕಿ ಎಳೆದು, ಹರವಿ, ಪದರ ಪದರಕ್ಕೂ ನೀರು ಕುಡಿಸಬೇಕು. ಜೆಸಿಬಿ ಸಿಕ್ಕರೆ ಪುಣ್ಯ, ಸಿಗದಿದ್ದರೆ ಕೈಯೇ ಗತಿ. ಹತ್ತಿ ಅಂಡಿಗೆಯ ಗುಣವೂ ಇದೇ. ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದವರು ಇಲ್ಲಿ ಇದ್ದೀರಿ, ಆರಿತು ಅಂತ ಬಿಟ್ಟ ಅಂಡಿಗೆ ಮರುದಿನ ಹೇಗೆ ಹೊಗೆಯಾಡುತ್ತದೆ ಎಂಬುದು ನಿಮಗೇ ಗೊತ್ತು. ಹೀಗಾಗಿ ಮಧ್ಯಾಹ್ನ ಬಂದವರು ದೀಪ ಹಚ್ಚುವ ಹೊತ್ತಾದರೂ ಅಲ್ಲೇ ಇರುತ್ತಾರೆ. ಅವರ ಊಟದ ಡಬ್ಬಿ ಠಾಣೆಯಲ್ಲಿ ತಣ್ಣಗಾಗಿರುತ್ತದೆ.

ಹಾಗಂತ ನಮ್ಮ ಜನ ಕಲ್ಲೆದೆಯವರೇನಲ್ಲ. ಬಣವಿ ಸುಟ್ಟುಕೊಂಡ ಮನೆಯವರೇ ಕಣ್ಣೊರೆಸಿಕೊಳ್ಳುತ್ತ ಕೊಡ ನೀರು ತಂದಿಡುವುದುಂಟು. ಎದುರು ಮನೆಯ ಆಯಿ, "ಬಾರೋ ಯಪ್ಪಾ, ಒಂದ್ ಗುಟುಕು ಮಜ್ಜಿಗಿ ಕುಡಿ, ಆಮ್ಯಾಲೆ ಆರಸೂವಂತಿ" ಅನ್ನುತ್ತಾಳೆ. ಅವನು ಯಾರ ಮಗ, ಯಾವ ಜಾತಿ ಎಂದು ಆಕೆ ಕೇಳುವುದಿಲ್ಲ. ಚಾದ ಅಂಗಡಿಯವನು "ರೊಕ್ಕ ಇರ್ಲಿ ಬಿಡ್ರಿ ಸಾಹೇಬ್ರ" ಎನ್ನುತ್ತಾನೆ. ಬೇಸಿಗೆಯಲ್ಲಿ ದಾರಿಗೆ ಅರವಟಿಗೆ ಇಟ್ಟು ಬಂದವರಿಗೆಲ್ಲ ನೀರು ಕೊಟ್ಟ ನಾಡು ಇದು, ಕಲಿಸಿಕೊಡಬೇಕಾದ ಗುಣ ಅಲ್ಲ. ಆದರೆ ಇದು ಅದೃಷ್ಟದ ಮಾತಾಯಿತು. ಬೆಂಕಿ ಹಗಲು ಹೊತ್ತಿನಲ್ಲಿ, ಊರೊಳಗೆ, ಆ ಆಯಿಯ ಮನೆ ಎದುರೇ ಬಿದ್ದರೆ ಮಜ್ಜಿಗೆ ಸಿಕ್ಕೀತು. ರಾತ್ರಿ ಎರಡು ಗಂಟೆಗೆ ದೂರದ ಹೊಲದಲ್ಲಿ ಬಿದ್ದರೆ? ಜನ ನೋಡಿ ಮನೆಗೆ ಹೋಗಿ ಮಲಗುತ್ತಾರೆ, ಅವರು ಐದು ಜನ ಬದುವಿನ ಮೇಲೆ ಕೂತು ಒಣ ಬಾಯಲ್ಲಿ ಬೂದಿ ಕಾಯುತ್ತಾರೆ.

ಇನ್ನು ಬ್ಯಾಡಗಿ. ೨೦೧೧ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಲೋಕವೆಲ್ಲ ಹೇಳುತ್ತದೆ. ಹೊಗೆಗೆ ಆ ಲೆಕ್ಕ ಗೊತ್ತಿಲ್ಲ. ಒಗ್ಗರಣೆಯಲ್ಲಿ ಎರಡು ಕಾಯಿ ಸೀದರೆ ಮನೆಮಂದಿಯೆಲ್ಲ ಕೆಮ್ಮುತ್ತ ಅಂಗಳಕ್ಕೆ ಬರುತ್ತೇವೆ. ಗೋದಾಮಿನ ಚೀಲಗಳು ಸುಡುವಾಗ ಪೈಪು ಹಿಡಿದು ಮುಂದೆ ಹೋಗುವವನ ಗಂಟಲು, ಕಣ್ಣು ಏನಾಗಬೇಕು, ನೀವೇ ಲೆಕ್ಕ ಹಾಕಿ.

ಅದೇ ಪೇಟೆಯಲ್ಲಿ ೨೦೨೪ರ ಮಾರ್ಚ್ ೧೧ರ ಸೋಮವಾರ ಏನಾಯಿತೆಂಬುದು ನಿಮಗೆಲ್ಲ ಗೊತ್ತು. ದರ ಬಿದ್ದುಹೋಯಿತೆಂದು ಸಿಟ್ಟಿಗೆದ್ದ ಜನ ಎಪಿಎಂಸಿ ಕಚೇರಿಗೆ ಕಲ್ಲು ತೂರಿದರು, ಬೆಂಕಿ ಹಚ್ಚಿದರು, ವಾಹನಗಳು ಸುಟ್ಟವು. ಆರಿಸಲು ಬಂದ ಅಗ್ನಿಶಾಮಕ ದಳದ ಗಾಡಿಯನ್ನೂ ಬಿಡಲಿಲ್ಲ, ಅದಕ್ಕೂ ಬೆಂಕಿ ಇಟ್ಟರು. ರೈತನ ಸಂಕಟ ಸುಳ್ಳು ಎಂದು ನಾವು ಹೇಳುವುದಿಲ್ಲ. ಬೀಜ, ಗೊಬ್ಬರ, ಆಳು, ಬಾಡಿಗೆ ಎಲ್ಲ ಕೊಟ್ಟು ಪೇಟೆಗೆ ತಂದ ಮಾಲಿಗೆ ದರ ಹೀಗೆ ಕುಸಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಸಾಲ ಕೊಟ್ಟ ಸಂಘ ನಮ್ಮದು, ಆ ಉರಿ ನಮ್ಮ ಲೆಜರಿನಲ್ಲೂ ಕಾಣುತ್ತದೆ. ಯಾರು ಮಾಡಿದರು, ಯಾವ ಕಡೆಯವರು ಎಂಬ ವಿಚಾರಣೆಯೂ ನಮಗೆ ಬೇಡ, ಅದಕ್ಕೆ ಪೊಲೀಸರು, ಕೋರ್ಟು ಇದ್ದಾರೆ. ಒಂದು ಮಾತು ಮಾತ್ರ ಹೇಳಬೇಕು. ಆ ಗಾಡಿ ಮೆಣಸಿನಕಾಯಿಗೆ ದರ ಕಟ್ಟಿರಲಿಲ್ಲ. ಅದರಲ್ಲಿದ್ದವರೂ ಬಹುತೇಕ ರೈತರ ಮನೆಯ ಮಕ್ಕಳೇ. ಆ ವಾರ ನಮ್ಮ ಕಡೆ ಒಂದು ಬಣವಿಗೆ ಕಿಡಿ ತಾಗಿದ್ದರೆ ನಾವು ಫೋನು ಮಾಡಬೇಕಾಗಿದ್ದದ್ದು ಅಲ್ಲಿಗೇ. ಹಾಗೆ ಕಲ್ಲು, ಬೆಂಕಿ ಕಂಡವರು ಮುಂದಿನ ಸಲ ಯಾವ ಊರಿಗೆ ಹೋದರೂ ಅಲ್ಲಿ ಸೇರಿದ ಜನರನ್ನು ಯಾವ ಕಣ್ಣಿನಿಂದ ನೋಡುತ್ತಾರೆ? ಆ ನೋಟ ಬದಲಾಗಬೇಕಾದರೆ ಊರಿನ ಕಡೆಯಿಂದ ಯಾರಾದರೂ ತಂಬಿಗೆ ಹಿಡಿದು ಎದುರು ಹೋಗಬೇಕು. ನಾವು ಈ ವಿಷಯ ಎತ್ತಿಕೊಂಡದ್ದು ಮುಖ್ಯವಾಗಿ ಇದಕ್ಕೇ.

ಅವರ ಪಾಲಿಗೆ ಬೆಂಕಿ ಒಂದೇ ಅಲ್ಲ. ೨೦೨೩ರ ಆಗಸ್ಟ್ ೨೯ರಂದು ಹಾವೇರಿ ಹತ್ತಿರದ ಆಲದಕಟ್ಟಿಯ ಪಟಾಕಿ ಗೋದಾಮು ಹೊತ್ತಿ ಉರಿದು ಕೂಲಿಗೆ ಹೋದವರು ಒಳಗೇ ಸುಟ್ಟುಹೋದರು. ೨೦೨೪ರ ಜೂನ್ ೨೮ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ, ದೇವರಿಗೆ ಹೋಗಿ ಬರುತ್ತಿದ್ದವರ ವಾಹನ ಹೆದ್ದಾರಿಯಲ್ಲಿ ನಿಂತ ಲಾರಿಗೆ ಗುದ್ದಿ ೧೩ ಜನ ತೀರಿಕೊಂಡರು. ಇಂಥ ಕಡೆ ನುಜ್ಜುಗುಜ್ಜಾದ ತಗಡು ಕತ್ತರಿಸುವುದು, ದೇಹ ಹೊರತೆಗೆಯುವುದು ಇದೇ ಇಲಾಖೆಯ ಕೆಲಸ. ಅಂಥ ಕೆಲಸ ಮಾಡಿದವನಿಗೆ ಹಸಿವು ಇರುವುದಿಲ್ಲ. ಒಂದು ಕಪ್ಪು ಬಿಸಿ ಚಾ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತರೂ ಸಾಕು.

ಈಗ ಶರೀರದ ಮಾತು. ಬೆಂಕಿಯ ಎದುರು ದಪ್ಪ ಬಟ್ಟೆ, ಬೂಟು, ಹೆಲ್ಮೆಟು ಹಾಕಿ ದುಡಿಯುವವನ ಮೈಯಿಂದ ತಾಸಿಗೆ ಒಂದು ಲೀಟರಿಗೂ ಹೆಚ್ಚು ಬೆವರು ಹೋಗಬಹುದು. ಅದರ ಜೊತೆ ಉಪ್ಪೂ ಹೋಗುತ್ತದೆ. ರಕ್ತ ಗಟ್ಟಿಯಾಗುತ್ತದೆ, ಎದೆಬಡಿತ ಏರುತ್ತದೆ. ಅಮೆರಿಕದಲ್ಲಿ ಕರ್ತವ್ಯದ ಮೇಲಿದ್ದಾಗ ಸಾಯುವ ಅಗ್ನಿಶಾಮಕರಲ್ಲಿ ಹೆಚ್ಚಿನವರು ಸಾಯುವುದು ಸುಟ್ಟಲ್ಲ, ಹೃದಯ ನಿಂತು. ಅದಕ್ಕೇ ಅಲ್ಲಿ ನಿಯಮವೇ ಇದೆ. ಬೆನ್ನಿಗೆ ಕಟ್ಟಿಕೊಳ್ಳುವ ಅರ್ಧ ಗಂಟೆಯ ಗಾಳಿ ಸಿಲಿಂಡರು ಎರಡು ಮುಗಿದರೆ, ಅಥವಾ ನಲವತ್ತು ನಿಮಿಷ ಜೋರು ಕೆಲಸವಾದರೆ, ಕನಿಷ್ಠ ಇಪ್ಪತ್ತು ನಿಮಿಷ ಬಟ್ಟೆ ಸಡಿಲಿಸಿ ನೆರಳಲ್ಲಿ ಕೂರಬೇಕು, ನೀರು ಕುಡಿಯಬೇಕು. ನಮ್ಮಲ್ಲಿ ಐದೇ ಜನ ಬಂದಿರುವಾಗ ಇಪ್ಪತ್ತು ನಿಮಿಷ ಕೂರುವುದು ಕಷ್ಟ, ಒಪ್ಪೋಣ. ಸರದಿಯ ಮೇಲೆ ಒಬ್ಬೊಬ್ಬರು ಹತ್ತು ನಿಮಿಷ ಕೂತರೂ ಲಾಭವೇ. ಕೂರಲು ಜಾಗ, ಕುಡಿಯಲು ನೀರು ಸಿದ್ಧವಿದ್ದರೆ ಅವರು ಕೂರುತ್ತಾರೆ, ಇಲ್ಲದಿದ್ದರೆ ನಿಂತೇ ಇರುತ್ತಾರೆ.

ಕೊಡುವುದು ಏನು, ಹೇಗೆ ಎಂಬುದನ್ನೂ ಹೇಳಿಬಿಡುತ್ತೇವೆ. ಮೊದಲು ಕೊಡಬೇಕಾದದ್ದು ಕುಡಿಯುವ ನೀರಲ್ಲ, ಕೈ ಮುಖ ತೊಳೆಯಲು ಬಕೆಟು ನೀರು, ಸಾಬೂನು, ಒಂದು ಟವೆಲ್ಲು. ಹೊಗೆಯ ಮಸಿಯಲ್ಲಿ ವಿಷ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೨೨ರಲ್ಲಿ ಅಗ್ನಿಶಾಮಕರ ಉದ್ಯೋಗವನ್ನೇ ಕ್ಯಾನ್ಸರ್ ತರುವ ಕಾರಣಗಳ ಪಟ್ಟಿಗೆ ಸೇರಿಸಿತು. ಮಸಿ ಹತ್ತಿದ ಕೈಯಲ್ಲಿ ರೊಟ್ಟಿ ಮುರಿದು ತಿಂದರೆ ಆ ಮಸಿ ಹೊಟ್ಟೆಗೇ ಹೋಗುತ್ತದೆ. ಪ್ರೀತಿಯಿಂದ ಬಾಯಿಗೆ ಹಾಕುವ ನಮ್ಮ ತಾಯಂದಿರು ಇದೊಂದನ್ನು ಮರೆಯಬಾರದು. ಆಮೇಲೆ ನೀರು, ಗುಟುಕು ಗುಟುಕಾಗಿ. ಉಪ್ಪು ಹಾಕಿದ ನೀರು ಮಜ್ಜಿಗೆ ಬಹಳ ಒಳ್ಳೆಯದು. ಮಜ್ಜಿಗೆ ಇಲ್ಲದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಹಾಕಿ ಕಲಸಿ, ಇಷ್ಟೇ. ನಿಂಬೆಹಣ್ಣು ಹಿಂಡಿದರೆ ರುಚಿ. ತಿನ್ನಲು ಬಾಳೆಹಣ್ಣು, ಚುರಮುರಿ, ಅವಲಕ್ಕಿ, ಹೊತ್ತು ಬಹಳವಾದರೆ ಚಿತ್ರಾನ್ನ. ಖಾರದ ಮಿರ್ಚಿ ಭಜಿ ಬೇಡ. ಹಾವೇರಿ ಕಡೆಯವರಿಗೆ ಇದನ್ನು ಹೇಳುವುದು ಕಷ್ಟದ ಕೆಲಸ, ಆದರೂ ಮೊದಲೇ ಹೊಗೆ ಕುಡಿದ ಗಂಟಲು, ಬೇಡ.

ಇನ್ನು ನಿಲ್ಲುವ ಜಾಗ. ಹೊಗೆ ಹೋಗುವ ದಿಕ್ಕಿಗಲ್ಲ, ಗಾಳಿ ಬರುವ ದಿಕ್ಕಿಗೆ, ಗಾಡಿಯ ದಾರಿ ಬಿಟ್ಟು, ಬೆಂಕಿಯಿಂದ ದೂರ. ಬಂದ ಅಧಿಕಾರಿಯನ್ನು ಒಂದು ಮಾತು ಕೇಳಿ ಅವರು ತೋರಿಸಿದಲ್ಲೇ ಇಡಬೇಕು. ತಟ್ಟೆ ಹಿಡಿದು ಪೈಪಿನ ಹತ್ತಿರ ಹೋಗುವುದು ಸೇವೆಯಲ್ಲ, ಅವರಿಗೆ ಇನ್ನೊಂದು ಜೀವದ ಜವಾಬ್ದಾರಿ. ಫೋಟೋ ತೆಗೆಸಿಕೊಳ್ಳುವ ಆಸೆ ಇದ್ದವರು ದಯಮಾಡಿ ಈ ಕೆಲಸಕ್ಕೆ ಹೆಸರು ಕೊಡಬೇಡಿ.

ಇದೇನು ನಾವೇ ಕಂಡುಹಿಡಿದ ಸಂಗತಿಯಲ್ಲ. ೨೦೧೯ರ ಮಾರ್ಚ್ ೧೯ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ೧೯ ಜನ ಸತ್ತಾಗ ಅಗ್ನಿಶಾಮಕ ದಳ, ವಿಪತ್ತು ಪಡೆಗಳವರು ಹಗಲು ರಾತ್ರಿ ಅವಶೇಷ ಸರಿಸಿದರು, ಧಾರವಾಡದ ಜನ ಊಟ, ನೀರು ಹೊತ್ತು ತಂದರು. ಅದೇ ವರ್ಷ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಸುಡುವಾಗ ಬೆಂಗಳೂರು, ಮೈಸೂರಿನಿಂದ ಜನ ನೀರು, ಗ್ಲೂಕೋಸು, ಹಣ್ಣು ತುಂಬಿಕೊಂಡು ಹೋದರು. ಹೊರಗೆ ಅಮೆರಿಕದ ಹಲವು ಊರುಗಳಲ್ಲಿ ಇದಕ್ಕೆಂದೇ ಸ್ವಯಂಸೇವಕರ ಸಂಘಗಳಿವೆ. ಒಂದು ವ್ಯಾನು, ಅದರಲ್ಲಿ ಕಾಫಿ, ನೀರು, ತಿಂಡಿ. ರಾತ್ರಿ ಎಷ್ಟೇ ಹೊತ್ತಿಗೆ ಕರೆ ಬಂದರೂ ಎದ್ದು ಹೋಗುತ್ತಾರೆ. ಆಸ್ಟ್ರೇಲಿಯಾದ ಹಳ್ಳಿಗಳಲ್ಲಿ ಈ ಕೆಲಸಕ್ಕೆ ಮುಂದಾಗುವುದು ಅಲ್ಲಿಯ ಗ್ರಾಮೀಣ ಮಹಿಳೆಯರ ಸಂಘ, ಕಾಡ್ಗಿಚ್ಚು ಆರಿಸುವವರಿಗೆ ಬುತ್ತಿ ಕಟ್ಟುವವರು ಅವರೇ. ನಮ್ಮ ಸ್ವಸಹಾಯ ಗುಂಪಿನ ಅಕ್ಕತಂಗಿಯರು ಅವರಿಗಿಂತ ಯಾವುದರಲ್ಲಿ ಕಡಿಮೆ?

"ಅದು ಸರಕಾರದ ಕೆಲಸರೀ, ಪಗಾರ ತಗೋತಾರಲ್ಲ" ಎಂದು ಒಬ್ಬರು ಹಿರಿಯರು ನಿನ್ನೆ ಕಟ್ಟೆಯ ಮೇಲೆ ನಮ್ಮನ್ನು ಕೇಳಿದರು. ಪಗಾರ ತೆಗೆದುಕೊಳ್ಳುತ್ತಾರೆ, ನಿಜ. ಆದರೆ ನಡುಹೊಲದಲ್ಲಿ ಬಾಯಾರಿದಾಗ ಪಗಾರ ಕುಡಿಯಲು ಬರುವುದಿಲ್ಲ. ೧೯೦೫ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಲೂ, ರೈತನ ಸಾಲ ಸರಕಾರ ನೋಡಿಕೊಳ್ಳಲಿ ಎಂದು ಕೈಕಟ್ಟಿ ಕೂತಿದ್ದರೆ ಇವತ್ತು ಈ ಪೆಂಡಾಲು ಇರುತ್ತಿರಲಿಲ್ಲ.

ಖರ್ಚು ಎಷ್ಟು? ಎರಡು ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಎರಡು ಬಕೆಟು, ಮುಚ್ಚಳದ ಡಬ್ಬಿ, ಸ್ಟೀಲು ಲೋಟ, ಸಾಬೂನು, ಟವೆಲ್ಲು, ಒಂದು ತಾಡಪತ್ರಿ, ಒಂದು ಬ್ಯಾಟರಿ ದೀಪ. ಇವೆಲ್ಲ ಸಂಘದ ಗೋದಾಮಿನ ಒಂದು ಮೂಲೆಯಲ್ಲಿ ಕೂರುತ್ತವೆ. ಒಂದು ಸಲದ ಮಜ್ಜಿಗೆ, ಹಣ್ಣು, ಚುರಮುರಿಗೆ ಸಾವಿರ ರೂಪಾಯಿಯೂ ಆಗುವುದಿಲ್ಲ. ಲಾಭ ಹಂಚಿಕೆಯಲ್ಲಿ ಸಾರ್ವಜನಿಕ ಹಿತಕ್ಕೆಂದು ತೆಗೆದಿಡುವ ಹಣದಿಂದ ಇದನ್ನು ಕೊಡಬಹುದೇ ಎಂಬುದನ್ನು ಕಾರ್ಯದರ್ಶಿಯವರು ಬೈಲಾ ನೋಡಿ, ಬರುವ ಮಹಾಸಭೆಯಲ್ಲಿ ಠರಾವಿಗೆ ಇಡಲಿ. ಗೋದಾಮಿನಲ್ಲಿ ಗೊಬ್ಬರದ ಚೀಲ, ಗೋಣಿ ತಟ್ಟು ಇಟ್ಟುಕೊಂಡಿರುವ ಸಂಘ ನಮ್ಮದು. ಒಂದು ದಿನ ನಮಗೂ ಅವರು ಬೇಕಾದಾರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಬೇಕಾದವರು ಎಂಟು ಜನ. ರಾತ್ರಿ ಫೋನು ಎತ್ತುವವರು ಇಬ್ಬರು, ಟ್ರ್ಯಾಕ್ಟರು ಅಥವಾ ಟಂಟಂ ಇದ್ದವರು ಇಬ್ಬರು, ಅಡಿಗೆಗೆ ನಾಲ್ವರು. ಫೋನು ಎತ್ತಿದವರಲ್ಲಿ ಒಬ್ಬರು ಮೊದಲು ಕ್ರಾಸಿಗೆ ಹೋಗಿ ನಿಂತು ಗಾಡಿಗೆ ದಾರಿ ತೋರಿಸಬೇಕು, ಎಷ್ಟೋ ಸಲ ಹೊಲದ ದಾರಿ ಹುಡುಕುವುದರಲ್ಲೇ ಬಣವಿ ಮುಗಿದಿರುತ್ತದೆ.

ಏಪ್ರಿಲ್ ೧೪ ಅಗ್ನಿಶಾಮಕ ಸೇವಾ ದಿನ. ೧೯೪೪ರ ಆ ದಿನ ಮುಂಬಯಿ ಬಂದರಿನಲ್ಲಿ ಮದ್ದುಗುಂಡು, ಹತ್ತಿ ಅಂಡಿಗೆ ತುಂಬಿದ್ದ ಹಡಗು ಸಿಡಿದು ೬೬ ಜನ ಅಗ್ನಿಶಾಮಕರು ಸತ್ತರು, ಅವರ ನೆನಪಿಗೆ ಈ ದಿನ. ಬರುವ ಏಪ್ರಿಲ್ ೧೪ರಂದು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಠಾಣೆಯವರನ್ನು ಸಂಘಕ್ಕೆ ಕರೆಯೋಣ. ಡ್ಯೂಟಿ ನೋಡಿಕೊಂಡು ಬಿಡುವಾದಷ್ಟು ಜನ ಬರಲಿ. ನಮ್ಮ ಹುಡುಗರಿಗೆ ಬೆಂಕಿ ಆರಿಸುವ ಪಾಠ ಹೇಳಲಿ, ನಾವು ಖಡಕ್ ರೊಟ್ಟಿ, ಮುಳಗಾಯಿ ಪಲ್ಯ, ಶೇಂಗಾ ಹೋಳಿಗೆ ಬಡಿಸೋಣ. ಅವತ್ತು ಬೇಕಾದರೆ ಮಿರ್ಚಿ ಭಜಿಯೂ ಇರಲಿ.

ಹೆಸರು ಬರೆಸುವ ಪುಸ್ತಕ ಊಟದ ಪೆಂಡಾಲಿನ ಬಾಗಿಲಲ್ಲೇ ಇಟ್ಟಿದೆ, ಪೆನ್ನೂ ಇದೆ. ಕೈ ತೊಳೆಯುವ ಮೊದಲು ಬರೆಸಿ ಹೋಗಿ.