ಬೇಲಿಗೊಂದು ಲೆಕ್ಕ, ಬೆಳೆಗೊಂದು ಲೆಕ್ಕ

(ತಾಲ್ಲೂಕು ರೈತ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಬೆಲೆ ಮತ್ತು ಸಾಲದ ಬಗ್ಗೆ ಮಾತಾಡೋಕೆ ಸೇರಿರುವ ಸಭೆಯಲ್ಲಿ ಮಿಲಿಟರಿ ಖರ್ಚಿನ ವಿಷಯ ಯಾಕಪ್ಪಾ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕಾರಣ ಇಷ್ಟೇ. ನಾವು ನ್ಯಾಯವಾದ ಬೆಲೆ ಕೇಳಿದಾಗಲೆಲ್ಲ ಬರುವ ಉತ್ತರ ಒಂದೇ: "ಖಜಾನೆಯಲ್ಲಿ ದುಡ್ಡಿಲ್ಲ." ಇದೇ ಖಜಾನೆಯಿಂದ ಯುದ್ಧ ವಿಮಾನಕ್ಕೆ ದುಡ್ಡು ಹೊರಡುವಾಗ ಈ ಮಾತು ಕೇಳಿಬರುವುದಿಲ್ಲ. ಆ ದುಡ್ಡಿನಲ್ಲಿ ನಮ್ಮದೂ ಇದೆ. ರೈತ ತೆರಿಗೆ ಕಟ್ಟಲ್ಲ ಅಂತ ಪಟ್ಟಣದವರು ಆಡಿಕೊಳ್ಳುತ್ತಾರೆ. ನಾವು ಹಾಕಿಸುವ ಡೀಸೆಲ್ಲಿಗೆ, ಹೊಲಕ್ಕೆ ಹೊಡೆಯುವ ಔಷಧಿಗೆ, ಟ್ರ್ಯಾಕ್ಟರಿನ ಟೈರಿಗೆ ತೆರಿಗೆ ಯಾರು ಕಟ್ಟುತ್ತಾರೆ ಸ್ವಾಮಿ?

2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ನಾಲ್ಕು ದಿನ ಕಾದಾಟ ನಡೆದ ಮೇಲಂತೂ ಮಿಲಿಟರಿ ಖರ್ಚು ಹೆಚ್ಚಿಸಬೇಕು ಅನ್ನೋ ಕೂಗು ಜೋರಾಗಿದೆ. ಲೆಕ್ಕ ಕೇಳಿದವನು ದೇಶದ್ರೋಹಿ ಅನ್ನುವ ಮಾತೂ ಅದರ ಹಿಂದೆಯೇ ಬರುತ್ತದೆ. ಇನ್ನು ಕೆಲವರು, ಸೈನ್ಯವೇ ದಂಡದ ಖರ್ಚು, ಅರ್ಧಕ್ಕೆ ಇಳಿಸಿ ಅಂತಾರೆ. ತೆರಿಗೆಯನ್ನೂ ಕೊಟ್ಟು, ಮಗನನ್ನೂ ಗಡಿಗೆ ಕಳಿಸುವ ರೈತ ಇವರಿಬ್ಬರ ನಡುವೆ ಏನು ಹೇಳಬೇಕು ಅನ್ನೋದು ಇವತ್ತಿನ ಪ್ರಶ್ನೆ.

ಬೇಲಿಯ ವಿಷಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಬೇಲಿಯಿಲ್ಲದ ಹೊಲ ಊರ ದನದ ಪಾಲು. 1962ರಲ್ಲಿ ಚೀನಾ ನುಗ್ಗಿದಾಗ ನಮ್ಮ ಸೈನಿಕರು ಹಿಮಾಲಯದ ಚಳಿಯಲ್ಲಿ ಹತ್ತಿ ಬಟ್ಟೆ ತೊಟ್ಟು, ಹಳೇ ಕಾಲದ ರೈಫಲ್ಲು ಹಿಡಿದು ನಿಂತಿದ್ದರು. ಆ ಸೋಲಿನ ಪಾಠದಿಂದ ಎರಡೇ ವರ್ಷದಲ್ಲಿ ರಕ್ಷಣಾ ವೆಚ್ಚ ಎರಡು ಪಟ್ಟಿಗಿಂತ ಹೆಚ್ಚಾಯಿತು. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಯಾವ ರೈತನೂ ಬಿತ್ತನೆ ಬೀಜದ ದುಡ್ಡನ್ನೆಲ್ಲ ಬೇಲಿಯ ತಂತಿಗೆ ಸುರಿಯುವುದಿಲ್ಲ. ಒಳಗೆ ಬೆಳೆ ಇದ್ದರೆ ತಾನೇ ಹೊರಗೆ ಬೇಲಿ?

ಈಗ ಲೆಕ್ಕಕ್ಕೆ ಬರೋಣ. 2025-26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣಾ ಇಲಾಖೆಗೆ ಇಟ್ಟದ್ದು ಸುಮಾರು 6 ಲಕ್ಷದ 81 ಸಾವಿರ ಕೋಟಿ ರೂಪಾಯಿ. ಒಟ್ಟು ಬಜೆಟ್ಟಿನ ಪ್ರತಿ ರೂಪಾಯಿಯಲ್ಲಿ 13 ಪೈಸೆಗೂ ಸ್ವಲ್ಪ ಹೆಚ್ಚು. ಕೃಷಿ ಮತ್ತು ರೈತ ಕಲ್ಯಾಣ ಇಲಾಖೆಗೆ ಇಟ್ಟದ್ದು ಸುಮಾರು 1 ಲಕ್ಷದ 37 ಸಾವಿರ ಕೋಟಿ. ಅಂದರೆ ಐದನೆಯ ಒಂದು ಪಾಲು. ಇವೆರಡಕ್ಕಿಂತ ದೊಡ್ಡ ಬಾಬು ಇನ್ನೊಂದಿದೆ. ದೇಶ ಮಾಡಿರುವ ಸಾಲದ ಬಡ್ಡಿ, 12 ಲಕ್ಷದ 76 ಸಾವಿರ ಕೋಟಿ! ಸೊಸೈಟಿ ನೋಟೀಸು ಬಂದರೆ ನಾವು ತಲೆ ತಗ್ಗಿಸುತ್ತೇವಲ್ಲ, ದೇಶವೂ ನಮ್ಮ ಹಾಗೇ ಸಾಲಗಾರ ಕಣ್ರಪ್ಪ. ಸಾಲಗಾರನ ಮನೆಯಲ್ಲಿ ಪ್ರತಿ ಖರ್ಚನ್ನೂ ಕೂತು ನೋಡಬೇಕು. ಇದು ದೇವರ ಹುಂಡಿ, ಮುಟ್ಟಬೇಡಿ ಅನ್ನುವ ಬಾಬು ಯಾವುದೂ ಇರಬಾರದು.

ಕಡಿತ ಮಾಡಿ ಅನ್ನುವವರಿಗೂ ಒಂದು ಮಾತು. ಯಾವುದನ್ನು ಕಡಿಯುತ್ತೀರಿ? ಈ 6 ಲಕ್ಷದ 81 ಸಾವಿರ ಕೋಟಿಯಲ್ಲಿ 1 ಲಕ್ಷದ 60 ಸಾವಿರ ಕೋಟಿ ನಿವೃತ್ತರ ಪಿಂಚಣಿ. ಆ ಪಿಂಚಣಿದಾರರಲ್ಲಿ ನಮ್ಮ ಊರಿನ ಮಾಜಿ ಸೈನಿಕರಿದ್ದಾರೆ. ಸರ್ಕಾರ ಕತ್ತರಿ ಆಡಿಸಿದ್ದೂ ಮೊದಲು ಅಲ್ಲೇ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ಹುಡುಗರನ್ನು ನಾಲ್ಕು ವರ್ಷಕ್ಕೆ ಸೇರಿಸಿಕೊಂಡು, ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಮಾತ್ರ ಉಳಿಸಿಕೊಂಡು, ಮಿಕ್ಕವರನ್ನು ಸುಮಾರು 11 ಲಕ್ಷದ 70 ಸಾವಿರ ರೂಪಾಯಿ ಕೊಟ್ಟು ಮನೆಗೆ ಕಳಿಸುವ ಯೋಜನೆ. ಅವರಿಗೆ ಪಿಂಚಣಿ ಇಲ್ಲ. ಎರಡು ಎಕರೆ ಒಣಭೂಮಿಯ ಮನೆಯಲ್ಲಿ ಒಬ್ಬ ಮಗ ಸೈನ್ಯ ಸೇರಿದರೆ ತಂಗಿಯ ಮದುವೆ ಆಗುತ್ತಿತ್ತು, ಕೊಳವೆಬಾವಿಯ ಸಾಲ ತೀರುತ್ತಿತ್ತು. ಆ ದಾರಿ ಕಿರಿದಾಯಿತು. ವಿಮಾನದ ಖರ್ಚು ಹಾಗೇ ಉಳಿದು ಸೈನಿಕನ ಖರ್ಚು ಇಳಿಯುವುದಾದರೆ, ಅದು ರೈತನ ಮಗನ ಹೊಟ್ಟೆಗೆ ಹಾಕಿದ ಕತ್ತರಿ. ಅಂಥ ಕಡಿತ ನಮಗೆ ಬೇಡ.

ಈಗ ಮುಖ್ಯ ವಿಷಯ. ಸರ್ಕಾರ ಬಂದೂಕಿಗೆ ಬೆಲೆ ಕಟ್ಟುವ ರೀತಿ ಒಂದು, ರಾಗಿಗೆ ಬೆಲೆ ಕಟ್ಟುವ ರೀತಿ ಇನ್ನೊಂದು. ಟೆಂಡರಿಲ್ಲದೆ ಸರ್ಕಾರಿ ರಕ್ಷಣಾ ಕಾರ್ಖಾನೆಗಳಿಗೆ ಕೆಲಸ ವಹಿಸಿದಾಗ ಬೆಲೆ ಕಟ್ಟುವ ಪದ್ಧತಿ ಬಹುಕಾಲದಿಂದ ಹೇಗಿದೆ ಗೊತ್ತೇ? ಕಚ್ಚಾ ಮಾಲಿನ ಬೆಲೆ, ಕೆಲಸಗಾರರ ಸಂಬಳ, ಯಂತ್ರದ ಸವಕಳಿ, ಆಡಳಿತದ ಖರ್ಚು, ಎಲ್ಲ ಕೂಡಿಸಿ, ಅದರ ಮೇಲೆ ಲಾಭ ಸೇರಿಸಿ ಕೊಡುವುದು. ಖರ್ಚು ಜಾಸ್ತಿಯಾದರೆ ಬೆಲೆಯೂ ಜಾಸ್ತಿ. ನಾನು ಇದಕ್ಕೆ ಹೊಟ್ಟೆಕಿಚ್ಚು ಪಡುವುದಿಲ್ಲ. ಬೆಂಗಳೂರಿನ ಅಂಥ ಕಾರ್ಖಾನೆಗಳಲ್ಲಿ ನಮ್ಮ ಮಕ್ಕಳೂ ದುಡಿಯುತ್ತಾರೆ. ಉತ್ಪಾದಿಸುವವನಿಗೆ ಖರ್ಚಿನ ಮೇಲೆ ಲಾಭ ಸಿಗಬೇಕು ಅನ್ನೋದು ನ್ಯಾಯ. ಆ ನ್ಯಾಯ ಹೊಲದ ಬದುವಿನ ಹತ್ತಿರ ಬಂದ ತಕ್ಷಣ ಯಾಕೆ ನಿಂತುಬಿಡುತ್ತದೆ?

2006ರಲ್ಲಿ ಸ್ವಾಮಿನಾಥನ್ ಆಯೋಗ, ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಅರ್ಧದಷ್ಟು ಸೇರಿಸಿ ಬೆಂಬಲ ಬೆಲೆ ಕೊಡಿ ಅಂತ ಹೇಳಿತು. 2018ರ ಬಜೆಟ್ಟಿನಲ್ಲಿ ಸರ್ಕಾರ, ಒಂದೂವರೆ ಪಟ್ಟು ಕೊಟ್ಟೆವು ಅಂತ ಸಾರಿತು. ಲೆಕ್ಕ ಬಿಚ್ಚಿ ನೋಡಿ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅದರ ಹಿಂದೆ ಸರ್ಕಾರ ಹಿಡಿದ ವೆಚ್ಚ 3,257 ರೂಪಾಯಿ. ಈ ವೆಚ್ಚದಲ್ಲಿ ಬೀಜ, ಗೊಬ್ಬರ, ಕೂಲಿ, ಮನೆಯವರ ದುಡಿಮೆ ಸೇರಿದೆ. ನಮ್ಮ ಸ್ವಂತ ಭೂಮಿಯ ಗೇಣಿ ಸೇರಿಲ್ಲ. ನಾವು ಹಾಕಿದ ಸ್ವಂತ ಬಂಡವಾಳದ ಬಡ್ಡಿ ಸೇರಿಲ್ಲ. ಕಾರ್ಖಾನೆಯ ಬಂಡವಾಳ ಬಂಡವಾಳ, ರೈತನ ಬಂಡವಾಳ ಬರೀ ಮಣ್ಣು! ಅದೂ ಹೋಗಲಿ ಅಂದರೆ, ಈ ಬೆಲೆಗೆ ಕೊಂಡೇ ಕೊಳ್ಳುತ್ತೇವೆ ಅನ್ನುವ ಕಾನೂನೂ ಇಲ್ಲ. ಖರೀದಿ ಕೇಂದ್ರ ತಡವಾಗಿ ತೆರೆದರೆ ದಲ್ಲಾಳಿ ಹೇಳಿದ್ದೇ ಧಾರಣೆ.

ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸ್ವತಃ ದೊಡ್ಡ ಸೇನಾಪತಿಯಾಗಿದ್ದವರು. 1953ರ ಏಪ್ರಿಲ್‌ನಲ್ಲಿ ಮಾಡಿದ ಒಂದು ಭಾಷಣದಲ್ಲಿ ಅವರು ಒಂದು ಯುದ್ಧ ವಿಮಾನದ ಬೆಲೆಯನ್ನು ಗೋದಿಯಲ್ಲಿ ಲೆಕ್ಕ ಹಾಕಿ, ಐದು ಲಕ್ಷ ಬುಷೆಲ್ ಅಂದರು. ನಮ್ಮ ಅಳತೆಯಲ್ಲಿ ಸುಮಾರು 1 ಲಕ್ಷದ 36 ಸಾವಿರ ಕ್ವಿಂಟಾಲ್. ನಾವು 2016ರಲ್ಲಿ ಫ್ರಾನ್ಸಿನಿಂದ 36 ರಫೇಲ್ ವಿಮಾನಕ್ಕೆ ಒಪ್ಪಂದ ಮಾಡಿಕೊಂಡೆವು. ಮದ್ದುಗುಂಡು, ಬಿಡಿಭಾಗ, ನಿರ್ವಹಣೆ ಎಲ್ಲ ಸೇರಿ ಸುಮಾರು 59,000 ಕೋಟಿ. ಒಂದಕ್ಕೆ ಸುಮಾರು 1,640 ಕೋಟಿ ಬಿತ್ತು. ರಾಗಿಯ 4,886ರ ಬೆಲೆಯಲ್ಲಿ ಅಳೆದರೆ ಒಂದು ವಿಮಾನಕ್ಕೆ 33 ಲಕ್ಷ ಕ್ವಿಂಟಾಲ್ ರಾಗಿ ಅಳೆದು ಸುರಿಯಬೇಕು. ಆ ವಿಮಾನ ಬೇರೆ, ಈ ವಿಮಾನ ಬೇರೆ, ಆ ಕಾಳು ಬೇರೆ, ಈ ಕಾಳು ಬೇರೆ, ಒಪ್ಪಿದೆ. ಆದರೂ ಕಬ್ಬಿಣ ಎಲ್ಲಿಗೆ ಏರಿತು, ಕಾಳು ಎಲ್ಲಿ ನಿಂತಿತು ಅನ್ನೋದು ಇದರಲ್ಲಿ ಕಾಣುತ್ತದೆ. ಇನ್ನೊಂದು ಹೋಲಿಕೆ ಇದೆ. 2008ರ ಬಜೆಟ್ಟಿನಲ್ಲಿ ದೇಶದ ಸುಮಾರು ನಾಲ್ಕು ಕೋಟಿ ರೈತರಿಗೆ ಸಾಲ ಮನ್ನಾ ಅಂತ ಘೋಷಿಸಿದ ಮೊತ್ತ 60,000 ಕೋಟಿ. ಆಗ ಪತ್ರಿಕೆಗಳಲ್ಲಿ ಎಷ್ಟು ಪಂಡಿತರು, ದೇಶ ದಿವಾಳಿಯಾಯಿತು ಅಂತ ಬರೆದರು! ಹೆಚ್ಚುಕಡಿಮೆ ಅಷ್ಟೇ ದುಡ್ಡು 36 ವಿಮಾನಕ್ಕೆ ಹೋದಾಗ ದಿವಾಳಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ.

ವಿಮಾನ ಇಲ್ಲದಿದ್ದರೆ ದೇಶ ಉಳಿಯುತ್ತದಾ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಕಾಳು ಇಲ್ಲದಿದ್ದರೆ ಉಳಿಯುತ್ತದಾ ಅನ್ನೋದೂ ಅಷ್ಟೇ ನ್ಯಾಯವಾದ ಪ್ರಶ್ನೆ. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧವಾದಾಗ ಅಮೆರಿಕ ನಮಗೆ ಆಯುಧ ನಿಲ್ಲಿಸಿತು. ಅದಕ್ಕಿಂತ ದೊಡ್ಡ ಹಗ್ಗ ಅದರ ಕೈಯಲ್ಲಿತ್ತು, ಪಿ.ಎಲ್. 480 ಗೋದಿ. ಅಧ್ಯಕ್ಷ ಜಾನ್ಸನ್ ಆ ಗೋದಿಯನ್ನು ಒಮ್ಮೆಲೆ ಕೊಡದೆ ತಿಂಗಳು ತಿಂಗಳು ಅಳೆದು ಬಿಟ್ಟರು. 1966ರಲ್ಲಿ ನಾವು ಒಂದು ಕೋಟಿ ಟನ್ನಿಗೂ ಹೆಚ್ಚು ಧಾನ್ಯ ಹೊರಗಿನಿಂದ ತರಿಸಿದೆವು. ಹಡಗು ಬಂದರೆ ಊಟ, ಇಲ್ಲದಿದ್ದರೆ ಉಪವಾಸ. ಲಾಲ್ ಬಹದ್ದೂರ್ ಶಾಸ್ತ್ರಿಗಳು ಆ ಹೊತ್ತಿನಲ್ಲೇ 'ಜೈ ಜವಾನ್ ಜೈ ಕಿಸಾನ್' ಅಂದದ್ದು. ಆಮೇಲೆ ಏನಾಯಿತು? 1964-65ರಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಟನ್ನಿನ ಸುಮಾರಿಗೆ ಇದ್ದ ಗೋದಿ ಬೆಳೆಯನ್ನು 1970-71ಕ್ಕೆ ರೈತ ಹತ್ತಿರ ಹತ್ತಿರ ಎರಡರಷ್ಟು ಮಾಡಿದ. 1971ರ ಯುದ್ಧದಲ್ಲಿ ಅಮೆರಿಕದ ನೌಕಾಪಡೆ ಬಂಗಾಳ ಕೊಲ್ಲಿಗೇ ಬಂದರೂ ದೆಹಲಿ ಬಗ್ಗಲಿಲ್ಲ. ಸೈನಿಕನ ಶೌರ್ಯದ ಜೊತೆಗೆ ಉಗ್ರಾಣದಲ್ಲಿದ್ದ ಕಾಳೂ ಅದಕ್ಕೆ ಕಾರಣ. ರಷ್ಯಾದವರ ಸೋವಿಯತ್ ಒಕ್ಕೂಟವನ್ನು ನೋಡಿ. ಸಾವಿರಾರು ಅಣುಬಾಂಬು ಇಟ್ಟುಕೊಂಡು, ಹಗೆಯಾದ ಅಮೆರಿಕದಿಂದಲೇ ಕಾಳು ಕೊಳ್ಳುತ್ತಿತ್ತು. 1991ರಲ್ಲಿ ಒಂದು ಗುಂಡೂ ತಗುಲದೆ ಒಡೆದು ಹೋಯಿತು. ಆದ್ದರಿಂದ ರೈತನಿಗೆ ಕೊಡುವ ಬೆಲೆ ಧರ್ಮದ ದುಡ್ಡಲ್ಲ, ಅದೂ ರಕ್ಷಣಾ ವೆಚ್ಚವೇ.

ಬೇಲಿಯಾಚೆಗೂ ಒಮ್ಮೆ ನೋಡಿ. ಪಾಕಿಸ್ತಾನ 2025ರ ಜೂನ್‌ನಲ್ಲಿ ಮಂಡಿಸಿದ ಬಜೆಟ್ಟಿನಲ್ಲಿ ಒಟ್ಟು ಖರ್ಚನ್ನು ಇಳಿಸಿ, ಮಿಲಿಟರಿ ಖರ್ಚನ್ನು ನೂರಕ್ಕೆ ಇಪ್ಪತ್ತರಷ್ಟು ಏರಿಸಿತು. ಅದರ ಹಿಂದಿನ ವರ್ಷ, 2024ರಲ್ಲಿ, ಅಲ್ಲಿನ ಪಂಜಾಬಿನ ರೈತರು, ಘೋಷಿಸಿದ ಬೆಲೆಗೆ ಸರ್ಕಾರ ಗೋದಿ ಕೊಳ್ಳುತ್ತಿಲ್ಲ ಅಂತ ಲಾಹೋರಿನಲ್ಲಿ ಬೀದಿಗಿಳಿದು ಪೊಲೀಸರ ಲಾಠಿ ತಿಂದರು. ಈ ಕಡೆ ನಮ್ಮ ಗೋಳು, ಆ ಕಡೆ ಅವರ ಗೋಳು. ಹಗೆ ಬೇರೆ, ಹೊಟ್ಟೆ ಒಂದೇ.

ನಮ್ಮ ಸರ್ಕಾರಕ್ಕೆ ಸ್ವದೇಶಿಯ ಮಹತ್ವ ಗೊತ್ತಿಲ್ಲ ಅಂತಲ್ಲ. 2020ರಿಂದ ಪಟ್ಟಿ ಮೇಲೆ ಪಟ್ಟಿ ಹೊರಡಿಸಿ, ಇಂತಿಂಥ ಆಯುಧವನ್ನು ಹೊರಗಿನಿಂದ ತರಿಸಕೂಡದು, ಇಲ್ಲೇ ಮಾಡಿಸಿ ಕೊಳ್ಳಬೇಕು ಅಂದಿತು. ಒಳ್ಳೆಯದು. ಒಗ್ಗರಣೆ ಎಣ್ಣೆಗೆ ಏನು ಮಾಡಿತು? ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಹೀಗಿದ್ದೂ 2025ರ ಮೇ ಕೊನೆಯಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಆಮದು ಸುಂಕವನ್ನು ನೂರಕ್ಕೆ 20ರಿಂದ 10ಕ್ಕೆ ಇಳಿಸಿದರು. ಬಿತ್ತನೆಯ ಹೊತ್ತಿನಲ್ಲಿ ಇಳಿಸಿದರೆ ಚಿತ್ರದುರ್ಗ, ಪಾವಗಡದ ಕಡಲೆಕಾಯಿ ರೈತ ಏನನ್ನು ನಂಬಿ ಬಿತ್ತಬೇಕು? ಬಂದೂಕಿಗೆ ಸ್ವದೇಶಿ, ಬಾಣಲೆಗೆ ಪರದೇಶಿ! ಯುದ್ಧ ಬಂದು ಹಡಗು ನಿಂತರೆ ಬಾಣಲೆಯೂ ಒಣಗುತ್ತದೆ ಅನ್ನೋದನ್ನು ಯಾವ ಜನರಲ್ಲೂ ಅಲ್ಲಗಳೆಯಲಾರ.

ರಕ್ಷಣೆಯ ಹೆಸರಿನಲ್ಲಿ ಬಜೆಟ್ಟಿನಲ್ಲಿ ಕಾಣದ ಖರ್ಚೂ ಒಂದಿದೆ. ಅದು ನಮ್ಮ ಭೂಮಿ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವಿಮಾನ ಮತ್ತು ರಕ್ಷಣಾ ಉದ್ಯಮಗಳ ಪಾರ್ಕಿಗೆ ಅಂತ ಹಿಡಿಯಲು ಹೊರಟರು. ತರಕಾರಿ, ಹೂವು, ದ್ರಾಕ್ಷಿ, ಹಾಲು ಕೊಡುವ ಭೂಮಿ ಅದು. ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟೆವು ಅಂತ ಹೇಳಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯಲು ಬಂದರೆ ರೈತ ಬೇಲಿಯನ್ನೂ ತಡೆಯುತ್ತಾನೆ ಅಂತ ಆ ಹಳ್ಳಿಗಳು ತೋರಿಸಿಕೊಟ್ಟಿವೆ.

ಕೊನೆಗೆ ಉಳಿಯುವ ವಾದ, ಚೀನಾ. ಚೀನಾ ನಮ್ಮ ಮೂರು ಪಟ್ಟಿಗಿಂತ ಹೆಚ್ಚು ಖರ್ಚು ಮಾಡುತ್ತದೆ, ನಿಜ. 2020ರಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಮಂದಿ ಸೈನಿಕರು ಸತ್ತರು, ಅದನ್ನೂ ಮರೆಯಬಾರದು. ಆದರೆ ಚೀನಾಕ್ಕೆ ಅಷ್ಟು ದುಡ್ಡು ಎಲ್ಲಿಂದ ಬಂತು? 1978ರ ನಂತರ ಅವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ರೈತನಿಗೆ ಹೊಲವನ್ನು ವಹಿಸಿಕೊಟ್ಟು ಧಾನ್ಯದ ಖರೀದಿ ಬೆಲೆ ಏರಿಸಿದ್ದು. ಹಳ್ಳಿಯ ಕೈಯಲ್ಲಿ ದುಡ್ಡು ಆಡಿದ ಮೇಲೆ ಕಾರ್ಖಾನೆ ಬೆಳೆಯಿತು, ಆಮೇಲೆ ಸೈನ್ಯ ಬೆಳೆಯಿತು. ನಾವು ತುದಿಯನ್ನು ಹಿಡಿದು ಬುಡವನ್ನು ಬಿಟ್ಟರೆ ಆಗುತ್ತದೆಯೇ? 2019ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದೇಶದ ರೈತ ಕುಟುಂಬಗಳಲ್ಲಿ ಅರ್ಧಕ್ಕರ್ಧ ಸಾಲದಲ್ಲಿವೆ. ಕುಟುಂಬವೊಂದರ ಸರಾಸರಿ ಸಾಲ 74,121 ರೂಪಾಯಿ. ಹೀಗೆ ಒಳಗೆ ಕುಸಿದ ಮನೆಗೆ ಎಷ್ಟು ಎತ್ತರದ ಗೋಡೆ ಕಟ್ಟಿದರೇನು?

ಆದ್ದರಿಂದ ರೈತರ ಮಾತು ಸ್ಪಷ್ಟವಾಗಿರಲಿ. ಸೈನ್ಯವನ್ನು ಮುರಿಯಿರಿ ಅಂತ ನಾವು ಹೇಳುವುದಿಲ್ಲ. ಬಜೆಟ್ಟಿನಲ್ಲಿ ಅದರ ಪಾಲು ಈಗಿರುವುದಕ್ಕಿಂತ ಏರಕೂಡದು ಅನ್ನುತ್ತೇವೆ. ಏರಿಸಲೇಬೇಕು ಅಂದರೆ ಮೊದಲು ಮೂರು ಕೆಲಸ ಆಗಲಿ.

ಒಂದು, ಖರ್ಚಿನ ಮೇಲೆ ಲಾಭ ಅನ್ನುವ ನಿಯಮ ಬಂದೂಕಿಗೂ ಕಾಳಿಗೂ ಒಂದೇ ಇರಲಿ. ಭೂಮಿಯ ಗೇಣಿ, ಬಂಡವಾಳದ ಬಡ್ಡಿ ಸೇರಿಸಿದ ಪೂರ್ತಿ ವೆಚ್ಚದ ಒಂದೂವರೆ ಪಟ್ಟು ಬೆಲೆಗೆ ಕಾನೂನಿನ ಖಾತ್ರಿ ಬರಲಿ.

ಎರಡು, ಆಯುಧ ಖರೀದಿಯ ಬಾಬು ಪಾರ್ಲಿಮೆಂಟಿನಲ್ಲಿ ಚರ್ಚೆಯಾಗಲಿ. ಎಷ್ಟೋ ಇಲಾಖೆಗಳ ಬೇಡಿಕೆಗಳು ಕೊನೆಯ ದಿನ ಚರ್ಚೆಯಿಲ್ಲದೆ ಒಟ್ಟಿಗೆ ಪಾಸಾಗಿಬಿಡುತ್ತವೆ. 1986ರ ಬೋಫೋರ್ಸ್ ತೋಪಿನ ಖರೀದಿಯಿಂದ ಕಲಿಯಬೇಕಾದ್ದು ಇದೇ. ತೋಪು ಒಳ್ಳೆಯದೇ, 1999ರಲ್ಲಿ ಕಾರ್ಗಿಲ್‌ನಲ್ಲಿ ಕೆಲಸಕ್ಕೆ ಬಂತು. ಆದರೆ ನಡುವೆ ದಲ್ಲಾಳಿ ತಿಂದ ಅನ್ನುವ ಆರೋಪಕ್ಕೆ ದೇಶ ದಶಕಗಳ ಕಾಲ ಸರಿಯಾದ ಉತ್ತರ ಕಾಣಲಿಲ್ಲ. ದಲ್ಲಾಳಿ ಮಂಡಿಯಲ್ಲಿದ್ದರೂ ಒಂದೇ, ತೋಪಿನ ಹಿಂದಿದ್ದರೂ ಒಂದೇ.

ಮೂರು, ಉಳಿತಾಯ ಮಾಡುವುದಾದರೆ ಸೈನಿಕನ ಪಿಂಚಣಿಯಲ್ಲಿ ಬೇಡ. ರಕ್ಷಣೆಯ ಹೆಸರಿನಲ್ಲಿ ರೈತನ ಒಪ್ಪಿಗೆಯಿಲ್ಲದೆ ಒಂದು ಗುಂಟೆ ಸಾಗುವಳಿ ಭೂಮಿಯನ್ನೂ ಮುಟ್ಟಬೇಡಿ.

ಮುಂದಿನ ಬಜೆಟ್ಟಿಗೆ ಮೊದಲು ಪ್ರತಿ ಗ್ರಾಮ ಘಟಕವೂ ಈ ಮೂರನ್ನು ಬರೆದು, ಸಹಿ ಹಾಕಿ, ತಮ್ಮ ಲೋಕಸಭಾ ಸದಸ್ಯರಿಗೆ ಮುಟ್ಟಿಸಬೇಕು. ಬರೀ ಮುಟ್ಟಿಸಿದರೆ ಸಾಲದು, ಅವರು ಊರಿಗೆ ಬಂದಾಗ ಎದ್ದು ನಿಂತು ಕೇಳಬೇಕು: "ಸ್ವಾಮಿ, ಬೇಲಿಗೆ ಕೊಟ್ಟ ಲೆಕ್ಕವನ್ನು ಬೆಳೆಗೆ ಯಾವಾಗ ಕೊಡುತ್ತೀರಿ?" ಇದು ದೇಶದ್ರೋಹದ ಪ್ರಶ್ನೆ ಅಂತ ಯಾರಾದರೂ ಅಂದರೆ ಹೆದರಬೇಡಿ. ಮಗನನ್ನು ಗಡಿಗೆ ಕಳಿಸಿ, ಕಾಳನ್ನು ಉಗ್ರಾಣಕ್ಕೆ ಕಳಿಸಿದವರಿಗೆ ಆ ಪ್ರಶ್ನೆ ಕೇಳುವ ಹಕ್ಕು ಮಿಕ್ಕೆಲ್ಲರಿಗಿಂತ ಮೊದಲು ಇದೆ.