ಅಂಗಾಲಿನ ನರಹುಲಿಗೆ ಶೀತದ ಮದ್ದು

ಮುಖವನ್ನು ನಾವು ದಿನಕ್ಕೆ ಹತ್ತು ಬಾರಿ ಕನ್ನಡಿಯಲ್ಲಿ ನೋಡಿಕೊಳ್ಳುತ್ತೇವೆ. ಅಂಗಾಲನ್ನು ನೋಡಿಕೊಳ್ಳುವುದು ಮುಳ್ಳು ಮುರಿದಾಗ, ಇಲ್ಲವೇ ನರಹುಲಿ ಎದ್ದಾಗ ಮಾತ್ರ.

ನರಹುಲಿ ಎಂಬ ಹೆಸರಿನಲ್ಲಿ ನರವೂ ಕೇಳಿಸುತ್ತದೆ, ಹುಲಿಯೂ ಕೇಳಿಸುತ್ತದೆ. ಆದರೆ ಅದು ನರದಿಂದ ಹುಟ್ಟುವ ಗಂಟಲ್ಲ. ಹುಲಿಯಷ್ಟು ಭಯಂಕರವೂ ಅಲ್ಲ. ಚರ್ಮದ ಮೇಲ್ಪದರವನ್ನು ಹೊಕ್ಕ ವೈರಸ್ಸಿನ ಫಲ ಅದು. ಬ್ಯಾಕ್ಟೀರಿಯಾ ದಾಟಲಾರದ ಸೋಸುಕದಿಂದ ಇಳಿದ ರಸದಿಂದಲೂ ನರಹುಲಿ ಹರಡುವುದೆಂದು ಇಟಲಿಯ ವೈದ್ಯ ಚುಫ್ಫೊ 1907ರಲ್ಲಿಯೇ ತೋರಿಸಿದ್ದನು. ಅಂಗಾಲಿನ ಮೇಲೆ ಮೈಭಾರ ಬೀಳುವುದರಿಂದ ಅಲ್ಲಿ ಅದು ಒಳಮುಖವಾಗಿ ಒತ್ತಿಕೊಳ್ಳುತ್ತದೆ. ಇದನ್ನು ಆಣಿಯೆಂದು ಭ್ರಮಿಸಿ ಬ್ಲೇಡಿನಿಂದ ಕೆತ್ತುವವರುಂಟು. ಆಣಿಯ ಮೇಲೆ ಚರ್ಮದ ಗೆರೆಗಳು ಹಾಗೆಯೇ ಸಾಗುತ್ತವೆ. ನರಹುಲಿಯ ಬಳಿ ಅವು ಕಡಿದುಹೋಗುತ್ತವೆ, ಸಣ್ಣ ಕಪ್ಪು ಚುಕ್ಕೆಗಳೂ ಕಾಣಬಹುದು.

ಇದಕ್ಕೆ ಶೀತವನ್ನು ಮದ್ದಾಗಿ ಬಳಸಿದ ಕಥೆ ಸ್ವಾರಸ್ಯವಾದುದು. ಗಾಳಿಯನ್ನು ದ್ರವವಾಗಿಸುವ ವಿದ್ಯೆ ಕೈವಶವಾದ ಕೆಲವೇ ವರ್ಷಗಳಲ್ಲಿ, 1899ರಲ್ಲಿ, ನ್ಯೂಯಾರ್ಕಿನ ವೈದ್ಯ ಕ್ಯಾಂಪ್‌ಬೆಲ್ ವೈಟ್ ದ್ರವವಾಯುವಿನಿಂದ ಚರ್ಮರೋಗಗಳಿಗೆ ಚಿಕಿತ್ಸೆ ಮಾಡಿದನು. 1950ರಿಂದೀಚೆಗೆ ಆ ಸ್ಥಾನಕ್ಕೆ ದ್ರವ ಸಾರಜನಕ ಬಂದಿತು. ಅದರ ಶೀತ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಹತ್ತಿ ಸುತ್ತಿದ ಕಡ್ಡಿಯಿಂದಲೋ ತುಂತುರಾಗಿಯೋ ಅದನ್ನು ಕೆಲವು ಸೆಕೆಂಡುಗಳ ಕಾಲ ತಾಗಿಸಿದರೆ ಚರ್ಮ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಆಮೇಲೆ ಉರಿ, ಬೊಕ್ಕೆ. ಎರಡು ಮೂರು ವಾರಗಳಿಗೊಮ್ಮೆ ಮತ್ತೆ ಅದೇ ವಿಧಿ. ಬೆಂಕಿಯಂತೆ ಶೀತವೂ ಸುಡುತ್ತದೆ ಎಂಬುದು ಅಲ್ಲಿ ಅನುಭವಕ್ಕೆ ಬರುತ್ತದೆ.

ಆದರೆ ಶೀತವು ವೈರಸ್ಸನ್ನು ಕೊಲ್ಲುವುದಿಲ್ಲ. ಅದು ಹೊಕ್ಕಿರುವ ಜೀವಕೋಶಗಳನ್ನು ಒಡೆಯುತ್ತದೆ. ಆ ಗಾಯದಿಂದ ಮೈಯ ರಕ್ಷಣಾಶಕ್ತಿ ಎಚ್ಚತ್ತರೆ ಉಳಿದ ಕೆಲಸ ಅದರದು. ಆದುದರಿಂದಲೇ ಫಲ ಅನಿಶ್ಚಿತ. 2011ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯೊಂದು ಪ್ರಕಟಿಸಿದ ಪರೀಕ್ಷೆಯಲ್ಲಿ ಅಂಗಾಲಿನ ನರಹುಲಿಯಿದ್ದ 240 ಮಂದಿಯಲ್ಲಿ ಕೆಲವರಿಗೆ ಶೀತ, ಉಳಿದವರಿಗೆ ಮನೆಯಲ್ಲಿಯೇ ಹಚ್ಚಿಕೊಳ್ಳುವ ಸ್ಯಾಲಿಸಿಲಿಕ್ ಆಮ್ಲ. ಹನ್ನೆರಡು ವಾರಗಳ ತರುವಾಯ ಎರಡೂ ಗುಂಪುಗಳಲ್ಲಿ ಪೂರ್ಣ ಗುಣ ಕಂಡವರು ನೂರಕ್ಕೆ ಸುಮಾರು ಹದಿನಾಲ್ಕು ಮಾತ್ರ! ಮಕ್ಕಳಲ್ಲಂತೂ ಅನೇಕ ನರಹುಲಿಗಳು ಒಂದೆರಡು ವರ್ಷಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ತಮಿಳುನಾಡಿನ ವೈತ್ತೀಶ್ವರನ್ ಕೋಯಿಲಿನ ಕೊಳಕ್ಕೆ ಬೆಲ್ಲ ಹಾಕಿ, ಅದು ಕರಗಿದಂತೆ ಚರ್ಮದ ರೋಗವೂ ಕರಗಲೆಂದು ಬೇಡುವವರ ನಂಬಿಕೆಗೆ ಈ ಕಾಲಮಹಿಮೆಯೂ ಆಧಾರವಾಗಿದ್ದೀತು.

ಈ ವಿಷಯ ನನಗೆ ಪುಸ್ತಕದಿಂದಷ್ಟೇ ತಿಳಿದುದಲ್ಲ. ನನ್ನ ಹಿಮ್ಮಡಿಯ ನರಹುಲಿಯನ್ನು ಮೊದಲು ಕಂಡವಳು ಮೊಮ್ಮಗಳು. “ತಾತ, ನೋಯಲ್ವಾ?” ಎಂದಳು. ಇಲ್ಲವೆಂದೆ, ತುಸು ಹೆಮ್ಮೆಯಿಂದಲೇ. ಶೀತದ ಚಿಕಿತ್ಸೆ ಮಾಡಿ ಮುಗಿಸಿಬಿಡಿ ಎಂದು ವೈದ್ಯೆಯ ಮುಂದೆ ಕುಳಿತೆ. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಎಂದು ಅವರು ಕೇಳಿದರು. ಕಣ್ಣು ಮುಚ್ಚಲು ಹೇಳಿ ನೈಲಾನ್ ಎಳೆಯೊಂದರಿಂದ ಪಾದವನ್ನು ಅಲ್ಲಲ್ಲಿ ಮುಟ್ಟಿದರು. ಮುಟ್ಟಿದಾಗ ಹೇಳಬೇಕು. ನಾನು ಕಾದೇ ಕುಳಿತೆ. ಅಷ್ಟರಲ್ಲಿ ಅವರು ನಾಲ್ಕು ಕಡೆ ಮುಟ್ಟಿ ಮುಗಿಸಿದ್ದರು. “ಸರ್, ನಿಮಗೆ ನೋಯದಿರುವುದೇ ಕಾಯಿಲೆ” ಎಂದರು. ಸ್ಪರ್ಶಜ್ಞಾನವಿಲ್ಲದ, ರಕ್ತಸಂಚಾರ ಕುಂದಿದ ಪಾದದಲ್ಲಿ ಶೀತದ ಬೊಕ್ಕೆ ವಾಸಿಯಾಗದ ಹುಣ್ಣಾಗಬಹುದು. ಆಮ್ಲವೂ ಅಷ್ಟೇ ಅಪಾಯ. ಅವರು ಸಾರಜನಕದ ಪಾತ್ರೆಯನ್ನು ಮುಟ್ಟಲೇ ಇಲ್ಲ.

ನರಹುಲಿ ಇನ್ನೂ ಇದೆ. ಅದು ನನಗೆ ಉಪಕಾರವನ್ನೇ ಮಾಡಿತೆನ್ನಬೇಕು. ಈಗ ಪ್ರತಿ ರಾತ್ರಿ ಪಾದ ತೊಳೆದು, ಒರೆಸಿ, ಕನ್ನಡಿ ಹಿಡಿದು ನೋಡಿಕೊಳ್ಳುತ್ತೇನೆ. ಸಕ್ಕರೆ ಕಾಯಿಲೆಯಿರುವ ಶ್ರೋತೃಗಳಲ್ಲಿ ನನ್ನದೊಂದೇ ಬಿನ್ನಹ: ಕಾಲಿನ ಯಾವ ಗಂಟನ್ನೂ ಸುಡಿಸುವ, ಕೆತ್ತಿಸುವ ಮೊದಲು, ಆ ಕಾಲಿಗೆ ಸ್ಪರ್ಶ ತಿಳಿಯುತ್ತದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಿ.